ಸ್ವಸ್ಥಳದಲ್ಲಿ ಚಲಚ್ಚಿತ್ರ ನಿರ್ಮಾಣ: ಭೋಲಾಗುರಿಯಿಂದ ನೊದೆಕೊಪ್ಪಲಿನವರೆಗೆ

೧

ಭಾರತೀಯ ಚಲಚ್ಚಿತ್ರದ ಇತಿಹಾಸವೆಂದು ನಾವು ಓದುತ್ತಿರುವುದು ಬಹುಮಟ್ಟಿಗೆ ಕೆಲವು ನಗರಗಳ ಇತಿಹಾಸ. ಮುಂಬಯಿ, ಕಲ್ಕತ್ತ, ಮದರಾಸು, ಪುಣೆ, ಕೊಲ್ಹಾಪುರ, ಲಾಹೋರು ಮೊದಲಾದ ಊರುಗಳಲ್ಲಿ ಸ್ಟುಡಿಯೋಗಳಿದ್ದುವು, ಬಂಡವಾಳ ಕೂಡಿತ್ತು. ಇತಿಹಾಸಕಾರನ ದೃಷ್ಟಿಯೂ ಅಲ್ಲಿಯೇ ನೆಲೆಸಿತು. ಇದು ಅಸಹಜವೇನೂ ಅಲ್ಲ. ಕಾವ್ಯ ಬರೆಯುವವನಿಗೆ ಓಲೆ ಕಂಠಗಳು ಸಾಕು. ಬಯಲಾಟಕ್ಕೆ ಒಂದು ಚಪ್ಪರ, ನಾಲ್ಕು ದೀಪ ಸಾಕು. ಚಲಚ್ಚಿತ್ರಕ್ಕಾದರೋ ಯಂತ್ರ ಬೇಕು, ಫಿಲ್ಮು ಬೇಕು, ಅದನ್ನು ತೊಳೆದು ಮುದ್ರಿಸುವ ಪ್ರಯೋಗಶಾಲೆ ಬೇಕು, ತೋರಿಸುವುದಕ್ಕೆ ಮಂದಿರ ಬೇಕು. ಇವೆಲ್ಲ ದೊರೆಯುತ್ತಿದ್ದುದು ನಗರದಲ್ಲಿ. ಆದುದರಿಂದ ಕಥೆ ಯಾವ ಊರಿನದಾದರೂ ಚಿತ್ರ ನಗರದ್ದಾಗಿರುತ್ತಿದ್ದಿತು.

ಕನ್ನಡಿಗರಿಗೆ ಈ ಮಾತು ಹೊಸದಲ್ಲ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ೧೯೩೪ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಆದರೆ ಅದು ತಯಾರಾದದ್ದು ಕೊಲ್ಹಾಪುರದ ಸ್ಟುಡಿಯೋದಲ್ಲಿ. ಆಮೇಲಿನ ಎಷ್ಟೋ ವರ್ಷಗಳ ಕಾಲ ಕನ್ನಡ ಚಿತ್ರಗಳ ಬಹುಭಾಗ ಮದರಾಸಿನಲ್ಲಿ ಸಿದ್ಧವಾಯಿತು. ಕನ್ನಡದ ಹಳ್ಳಿಯನ್ನು ಮದರಾಸಿನ ಬಡಗಿಗಳು ಹಲಗೆಯಲ್ಲಿ ಕಟ್ಟಿದರು. ಕನ್ನಡದ ಹೊಳೆದಂಡೆಯನ್ನು ಪರದೆಯ ಮೇಲೆ ಬಣ್ಣದಲ್ಲಿ ಬರೆದರು. ಮಾತು ಒಂದು ನೆಲದ್ದು, ಚಿತ್ರ ಇನ್ನೊಂದು ನೆಲದ್ದು. ಈ ಅಗಲಿಕೆಯ ಅರಿವು ಇರುವ ನಮಗೆ, ತನ್ನ ಊರಿನಲ್ಲಿಯೇ, ತನ್ನ ಜನರೊಡನೆಯೇ, ಸ್ಟುಡಿಯೋದ ಹಂಗಿಲ್ಲದೆ ಚಿತ್ರ ಮಾಡಹೊರಟವರ ಚರಿತ್ರೆ ವಿಶೇಷ ವಿಚಾರಕ್ಕೆ ಅರ್ಹವಾದುದೆಂದು ತೋರುತ್ತದೆ.

ಇಲ್ಲಿ ಎರಡು ಮಾತುಗಳ ಅರ್ಥವನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ‘ಸ್ವತಂತ್ರ’ ಚಿತ್ರವೆಂದರೆ ಸ್ಟುಡಿಯೋದ ಸಂಬಳಕ್ಕಾಗಲಿ ಹಂಚಿಕೆದಾರನ ಮುಂಗಡಕ್ಕಾಗಲಿ ಕಟ್ಟುಬೀಳದೆ ತಯಾರಾದ ಚಿತ್ರ. ‘ಸ್ವಸ್ಥಳ’ವೆಂದರೆ ಚಿತ್ರಕರ್ತನನ್ನೋ ಕಥೆಗಾರನನ್ನೋ ಇಂಥವರ ಮಗ, ಇಂಥವರ ಮಗಳು ಎಂದು ಜನ ಗುರುತಿಸುವ ಊರು. ಸ್ಟುಡಿಯೋವನ್ನು ಬಿಟ್ಟು ಹಳ್ಳಿಗೆ ಹೋಗಿ ಚಿತ್ರಿಸಿದ ಮಾತ್ರಕ್ಕೆ ಅದು ಸ್ವಸ್ಥಳದ ಚಿತ್ರವಾಗದು. ಸತ್ಯಜಿತ್ ರಾಯ್ ಅವರು ೧೯೫೫ರ ‘ಪಥೇರ್ ಪಾಂಚಾಲಿ’ಯನ್ನು ಬೋರಾಲ್ ಗ್ರಾಮದಲ್ಲಿ ಚಿತ್ರಿಸಿದರು, ಆದರೆ ಅವರು ಕಲ್ಕತ್ತೆಯವರು. ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ (೧೯೭೦) ಶೃಂಗೇರಿಯ ಸಮೀಪದ ವೈಕುಂಠಪುರದಲ್ಲಿ ಚಿತ್ರಿತವಾಗಿ, ಕನ್ನಡ ಚಿತ್ರವನ್ನು ಮಲೆನಾಡಿನ ನಿಜವಾದ ಅಗ್ರಹಾರಕ್ಕೆ ತಂದಿತು. ಆದರೂ ಚಿತ್ರತಂಡ ಅಲ್ಲಿಗೆ ಅತಿಥಿಯಾಗಿ ಬಂದದ್ದು, ಅತಿಥಿಯಾಗಿಯೇ ಹೋದದ್ದು. ಇವುಗಳ ಹಿರಿಮೆ ಇದರಿಂದ ಕುಂದುವುದಿಲ್ಲ. ನಾವು ಹುಡುಕುತ್ತಿರುವುದು ಬೇರೊಂದು ಬಗೆಯ ಸಂಬಂಧವನ್ನು, ಅಷ್ಟೆ.

ಸ್ವಸ್ಥಳದ ಚಿತ್ರವೆಂಬುದು ಇತ್ತೀಚಿನ ಸಣ್ಣ ಕ್ಯಾಮೆರಾದ ಕೊಡುಗೆಯೆಂದೂ, ಯಂತ್ರ ಅಗ್ಗವಾದುದೇ ಅದರ ಕಾರಣವೆಂದೂ ಒಂದು ಅಭಿಪ್ರಾಯ ಪ್ರಚಾರದಲ್ಲಿದೆ. ಈ ಅಭಿಪ್ರಾಯ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಕೆಲವು ನಿದರ್ಶನಗಳಿಂದ ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲನೆಯ ನಿದರ್ಶನ ಅಸ್ಸಾಮಿನದು. ಜ್ಯೋತಿಪ್ರಸಾದ ಅಗರ್‌ವಾಲಾ (೧೯೦೩–೧೯೫೧) ತೇಜ್‌ಪುರದ ಪ್ರಸಿದ್ಧ ಮನೆತನದವರು. ಅವರ ಪೂರ್ವಿಕರು ರಾಜಸ್ಥಾನದಿಂದ ವಲಸೆ ಬಂದವರಾದರೂ, ಆ ಕುಟುಂಬ ಅಸಮಿಯಾ ಭಾಷೆಯನ್ನೂ ಸಂಸ್ಕೃತಿಯನ್ನೂ ತನ್ನದನ್ನಾಗಿ ಮಾಡಿಕೊಂಡಿದ್ದಿತು. ಜ್ಯೋತಿಪ್ರಸಾದರು ಕವಿ, ನಾಟಕಕಾರ, ಗೀತಕಾರ. ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡವರು. ವಿದ್ಯಾಭ್ಯಾಸಕ್ಕೆಂದು ಎಡಿನ್‌ಬರೋಗೆ ಹೋಗಿದ್ದ ಅವರು ಹಿಂದಿರುಗುವ ಮೊದಲು ಜರ್ಮನಿಯ ಉಫಾ ಸ್ಟುಡಿಯೋದಲ್ಲಿ ಕೆಲವು ತಿಂಗಳು ಚಲಚ್ಚಿತ್ರದ ಕೆಲಸವನ್ನು ಕಂಡು ಕಲಿತರು.

ಊರಿಗೆ ಮರಳಿದ ಮೇಲೆ ಅವರ ಮುಂದೆ ಸುಲಭವಾದ ದಾರಿಯೊಂದಿದ್ದಿತು. ಕಲ್ಕತ್ತ ದೂರವಲ್ಲ, ಅಲ್ಲಿ ಸ್ಟುಡಿಯೋಗಳಿದ್ದುವು, ಅನುಭವಸ್ಥರಾದ ಯಂತ್ರಜ್ಞರಿದ್ದರು. ಅವರು ಆ ದಾರಿಯನ್ನು ಹಿಡಿಯಲಿಲ್ಲ. ‘ಚಿತ್ರಲೇಖಾ ಮೂವಿಟೋನ್’ ಎಂಬ ಸಂಸ್ಥೆಯನ್ನು ತಾವೇ ಸ್ಥಾಪಿಸಿ, ಗೋಹ್‌ಪುರದ ಸಮೀಪದಲ್ಲಿ ತಮ್ಮ ಕುಟುಂಬಕ್ಕೆ ಸೇರಿದ್ದ ಭೋಲಾಗುರಿ ಚಹಾ ತೋಟದಲ್ಲಿ ‘ಚಿತ್ರಬನ’ವೆಂಬ ಸ್ಟುಡಿಯೋವನ್ನು ಕಟ್ಟಿದರು. ಚಹಾ ಸಂಸ್ಕರಣಕ್ಕೆಂದಿದ್ದ ನೆಲದಲ್ಲಿ ಚಿತ್ರಶಾಲೆ ಎದ್ದಿತು. ಕಾರೆ ಹಾಕಿದ ವೇದಿಕೆಯ ಮೇಲೆ, ಬಿದಿರು ಬಾಳೆದಿಂಡುಗಳಂತಹ ಸ್ಥಳೀಯ ಸಾಮಗ್ರಿಯಿಂದ ಆಹೋಮ್ ಅರಸರ ಕಾಲದ ಅರಮನೆಯನ್ನು ಸೃಷ್ಟಿಸಲಾಯಿತು. ಛಾಯಾಗ್ರಾಹಕ ಭೂಪಾಲ ಶಂಕರ ಮೆಹತಾ ಲಾಹೋರಿನಿಂದ ಬಂದರು. ನಟರನ್ನು ಪತ್ರಿಕಾ ಪ್ರಕಟಣೆಯ ಮೂಲಕವೂ ಪರಿಚಯಸ್ಥರ ಮೂಲಕವೂ ಅಸ್ಸಾಮಿನ ಊರೂರುಗಳಿಂದ ಕೂಡಿಸಲಾಯಿತು. ತೇಜ್‌ಪುರದ ರಂಗಭೂಮಿಯ ಫಣಿ ಶರ್ಮಾ ಅವರು ಚಿತ್ರರಂಗಕ್ಕೆ ಕಾಲಿಟ್ಟದ್ದು ಈ ಚಿತ್ರದಿಂದಲೇ.

ಆರಿಸಿಕೊಂಡ ಕಥೆಯೂ ಆ ನೆಲದ್ದೇ. ಲಕ್ಷ್ಮೀನಾಥ ಬೆಜ್‌ಬರುವಾ ಅವರ ನಾಟಕವನ್ನು ಆಧರಿಸಿದ ‘ಜೊಯ್‌ಮತಿ’, ಹದಿನೇಳನೆಯ ಶತಮಾನದ ಆಹೋಮ್ ರಾಜಕುಮಾರಿಯೊಬ್ಬಳ ಕಥೆ. ತಲೆಮರೆಸಿಕೊಂಡಿದ್ದ ಗಂಡ ಗದಾಪಾಣಿಯ ಜಾಡನ್ನು ತಿಳಿಸೆಂದು ಅರಸನ ಆಳುಗಳು ಹಿಂಸಿಸಿದರೂ ಬಾಯಿ ಬಿಡದೆ ಆಕೆ ಪ್ರಾಣ ನೀಗಿದಳು. ಬ್ರಿಟಿಷರ ಸೆರೆಮನೆಯಿಂದ ಹೊರಬಂದವನೊಬ್ಬನು ಇಂಥ ಕಥೆಯನ್ನು ಏಕೆ ಆರಿಸಿಕೊಂಡನೆಂಬುದನ್ನು ವಿವರಿಸಬೇಕಾದ್ದಿಲ್ಲ. ಆಯುಧವಿಲ್ಲದವರ ಮೌನವೂ ಪ್ರತಿಭಟನೆಯಾಗಬಲ್ಲುದೆಂಬುದು ಆ ಕಾಲದ ಅಸ್ಸಾಮಿಗೆ ನೇರವಾಗಿ ಮುಟ್ಟುವ ಮಾತಾಗಿದ್ದಿತು.

ಆದರೆ ಸ್ವಂತ ನೆಲದ ಈ ಸ್ವಾತಂತ್ರ್ಯ ಸುಲಭದ ಬೆಲೆಗೆ ದೊರೆಯಲಿಲ್ಲ. ಸಂಕಲನಕ್ಕಾಗಿ ಫಿಲ್ಮನ್ನು ಲಾಹೋರಿಗೆ ಕೊಂಡೊಯ್ದಾಗ, ಚಿತ್ರದ ದೊಡ್ಡದೊಂದು ಭಾಗದಲ್ಲಿ ಧ್ವನಿಯೇ ದಾಖಲಾಗಿಲ್ಲವೆಂಬುದು ಬೆಳಕಿಗೆ ಬಂದಿತು. ನಟರೆಲ್ಲ ಆ ವೇಳೆಗೆ ತಮ್ಮ ತಮ್ಮ ಊರುಗಳಿಗೆ ಹಿಂದಿರುಗಿದ್ದರು. ಅವರನ್ನು ಮತ್ತೆ ಸಾವಿರಾರು ಮೈಲಿ ಕರೆಸುವ ಶಕ್ತಿ ಇರಲಿಲ್ಲ. ಜ್ಯೋತಿಪ್ರಸಾದರು ಗಂಡು ಹೆಣ್ಣೆಂಬ ಭೇದವಿಲ್ಲದೆ ಅನೇಕ ಪಾತ್ರಗಳ ಮಾತನ್ನು ತಾವೊಬ್ಬರೇ ಆಡಿ ಧ್ವನಿ ತುಂಬಿದರೆಂಬುದು ಅಸಮಿಯಾ ಚಿತ್ರಚರಿತ್ರೆಯಲ್ಲಿ ಪ್ರಸಿದ್ಧವಾದ ಸಂಗತಿ. ಸುಮಾರು ೬೦,೦೦೦ ರೂಪಾಯಿ ವೆಚ್ಚವಾಯಿತೆಂದು ಸಾಮಾನ್ಯವಾಗಿ ಹೇಳುವ ಈ ಚಿತ್ರ ೧೯೩೫ರ ಮಾರ್ಚ್ ೧೦ರಂದು ಕಲ್ಕತ್ತೆಯ ರೌನಕ್ ಚಿತ್ರಮಂದಿರದಲ್ಲಿ ಮೊದಲು ಪ್ರದರ್ಶಿತವಾಯಿತು. ಅಸ್ಸಾಮಿನಲ್ಲಿ ತೋರಿಸಿದ್ದು ಅನಂತರ. ಅಂದಿನ ಅಸ್ಸಾಮಿನಲ್ಲಿ ವಾಕ್ಚಿತ್ರ ತೋರಿಸಬಲ್ಲ ಮಂದಿರಗಳು ಬೆರಳಲ್ಲಿ ಎಣಿಸುವಷ್ಟು. ಹಾಕಿದ ಹಣ ಹಿಂದಿರುಗಲಿಲ್ಲ. ಅವರ ಎರಡನೆಯ ಮತ್ತು ಕೊನೆಯ ಚಿತ್ರ ‘ಇಂದ್ರಮಾಲತಿ’ (೧೯೩೯) ತಯಾರಾದದ್ದು ಭೋಲಾಗುರಿಯಲ್ಲಲ್ಲ, ಕಲ್ಕತ್ತೆಯ ಸ್ಟುಡಿಯೋದಲ್ಲಿ.

ಚಿತ್ರಬನವನ್ನು ಸೋಲೆಂದು ಕರೆಯುವವರುಂಟು. ಲೆಕ್ಕದ ಪುಸ್ತಕವನ್ನು ಮಾತ್ರ ನೋಡಿದರೆ ಅದು ನಿಜ. ಆದರೆ ಯಂತ್ರ ಅತ್ಯಂತ ಭಾರವೂ ದುಬಾರಿಯೂ ಆಗಿದ್ದ ಕಾಲದಲ್ಲಿಯೇ ಸ್ವಸ್ಥಳದ ಚಿತ್ರ ಹುಟ್ಟಿತೆಂಬುದನ್ನು ನಾವು ಗಮನಿಸಬೇಕು. ಯಂತ್ರ ಹಗುರವಾದುದರಿಂದ ಈ ಬಯಕೆ ಮೂಡಲಿಲ್ಲ. ಬಯಕೆ ಮೊದಲು ಬಂದಿತು, ಯಂತ್ರ ಎಪ್ಪತ್ತು ಎಂಬತ್ತು ವರ್ಷ ತಡವಾಗಿ ಬಂದಿತು.

೩

ಭೋಲಾಗುರಿಯ ಚರಿತ್ರೆಯಲ್ಲಿ ಹಣದ ನಷ್ಟಕ್ಕಿಂತ ಗಂಭೀರವಾದ ಇನ್ನೊಂದು ನಷ್ಟವಿದೆ. ಅದನ್ನು ಚಿತ್ರಕರ್ತರ ಚರಿತ್ರೆಗಳು ಅಡಿಟಿಪ್ಪಣಿಯಂತೆ ಕಾಣುತ್ತವೆ. ನಮಗೆ ಅದು ಮುಖ್ಯ ವಿಷಯವೆಂದೇ ತೋರುತ್ತದೆ.

ಅಂದಿನ ಅಸಮಿಯಾ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ವಹಿಸುವುದು ವಾಡಿಕೆಯಾಗಿದ್ದಿತು. ಜ್ಯೋತಿಪ್ರಸಾದರು ಈ ಪದ್ಧತಿಯನ್ನು ಒಪ್ಪದೆ, ಹೆಣ್ಣಿನ ಪಾತ್ರವನ್ನು ಹೆಣ್ಣೇ ಅಭಿನಯಿಸಬೇಕೆಂದು ಹಟ ಹಿಡಿದರು. ಜೊಯ್‌ಮತಿಯ ಪಾತ್ರಕ್ಕೆ ಗೋಲಾಘಾಟ್ ಸೀಮೆಯ ಹಳ್ಳಿಯೊಂದರಿಂದ ಐದೇವು ಹ್ಯಾಂಡಿಕ್ ಎಂಬ ಹುಡುಗಿಯನ್ನು ಕರೆತರಲಾಯಿತು. ಆಕೆ ಅಸಮಿಯಾ ಚಿತ್ರರಂಗದ ಮೊದಲ ನಟಿ. ಚಿತ್ರದಲ್ಲಿ ಆಕೆ ಗದಾಪಾಣಿಯ ಪಾತ್ರಧಾರಿಯನ್ನು, ಹೆಂಡತಿ ಗಂಡನನ್ನು ಕರೆಯುವ ರೀತಿಯಲ್ಲಿ ಕರೆಯಬೇಕಾಗಿದ್ದಿತು, ಕರೆದಳು.

ಊರಿಗೆ ಮರಳಿದಾಗ ಆ ಒಂದು ಸಂಬೋಧನೆ ಅಪರಾಧವಾಗಿ ಪರಿಣಮಿಸಿತು. ಪರಪುರುಷನನ್ನು ಗಂಡನೆಂದು ಕರೆದವಳೆಂದು ಸಮಾಜ ಆಕೆಯನ್ನೂ ಆಕೆಯ ಮನೆಯವರನ್ನೂ ದೂರವಿಟ್ಟಿತು. ಆಕೆಗೆ ಮದುವೆಯಾಗಲಿಲ್ಲ. ಮತ್ತೊಂದು ಚಿತ್ರದಲ್ಲಿ ನಾಯಿಕೆಯಾಗಿ ಅಭಿನಯಿಸಲಿಲ್ಲ. ತಾನು ಅಭಿನಯಿಸಿದ ಚಿತ್ರವನ್ನು ನೋಡುವ ಅವಕಾಶವೂ ಬಹುಕಾಲ ದೊರೆಯಲಿಲ್ಲ. ಮನ್ನಣೆ ಬಂದದ್ದು ಮುಪ್ಪಿನಲ್ಲಿ. ೨೦೦೨ರಲ್ಲಿ ಆಕೆ ತೀರಿಕೊಂಡರು.

ಸ್ಟುಡಿಯೋದ ನಟಿಗೆ ಸ್ಟುಡಿಯೋ ಒಂದು ಆಶ್ರಯವೂ ಹೌದು. ಆಕೆ ನಗರದಲ್ಲಿದ್ದಾಳೆ, ಆಕೆಯಂಥವರು ಇನ್ನೂ ಹತ್ತು ಮಂದಿ ಅಲ್ಲಿದ್ದಾರೆ, ಒಂದು ಚಿತ್ರ ಮುಗಿದರೆ ಇನ್ನೊಂದು ಚಿತ್ರವಿದೆ. ಊರಿನವರನ್ನು ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ ಅವರಿಗೆ ಹಿಂದಿರುಗಲು ಊರಲ್ಲದೆ ಬೇರೆ ಠಾವಿಲ್ಲ. ಚಿತ್ರಕರ್ತನು ಪಟ್ಟಣದ ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವಾಗ ನಟಿ ಬಾವಿಕಟ್ಟೆಯ ಮಾತನ್ನು ಕೇಳುತ್ತಿರುತ್ತಾಳೆ. ಜೊಯ್‌ಮತಿಯ ಮೌನವನ್ನು ವೀರವೆಂದು ಕೊಂಡಾಡಿದ ಸಮಾಜ, ಜೊಯ್‌ಮತಿಯಾಗಿ ಮಾತಾಡಿದವಳನ್ನು ಮೌನಕ್ಕೆ ತಳ್ಳಿತು. ಜ್ಯೋತಿಪ್ರಸಾದರ ಉದ್ದೇಶ ಉದಾರವಾಗಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉದ್ದೇಶ ಉದಾರವಾದುದರಿಂದ ಬೆಲೆ ಕಡಿಮೆಯಾಗಲಿಲ್ಲ. ಸ್ವಸ್ಥಳದ ಚಿತ್ರದ ವಿಚಾರ ಮಾಡುವವರು ಈ ಪ್ರಶ್ನೆಯನ್ನು ಪ್ರತಿಯೊಂದು ನಿದರ್ಶನದಲ್ಲಿಯೂ ಕೇಳಬೇಕು: ಬೆಲೆ ತೆತ್ತವರು ಯಾರು?

೪

ಭೋಲಾಗುರಿಯ ದಾರಿಯಲ್ಲಿ ಬಹುಕಾಲ ಹೆಚ್ಚು ಮಂದಿ ನಡೆಯಲಿಲ್ಲ. ಕಚ್ಚಾ ಫಿಲ್ಮು ದುಬಾರಿ, ಪ್ರಯೋಗಶಾಲೆಗಳು ದೂರ, ಹಂಚಿಕೆ ನಗರದ ವ್ಯಾಪಾರಿಗಳ ಕೈಯಲ್ಲಿ. ಆದರೂ ಈ ನಡುಗಾಲ ಬರಿದಾಗಿರಲಿಲ್ಲ. ಮೂರು ಪ್ರಯತ್ನಗಳನ್ನು ಇಲ್ಲಿ ಹೆಸರಿಸುವುದು ಅವಶ್ಯ. ಒಂದು ಪ್ರೇಕ್ಷಕನನ್ನು ಕುರಿತದ್ದು, ಒಂದು ಬಂಡವಾಳವನ್ನು ಕುರಿತದ್ದು, ಇನ್ನೊಂದು ಎರಡನ್ನೂ ಕೂಡಿಸಿದ್ದು.

ಮಲೆನಾಡಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರು ಮತ್ತು ಅವರ ಗೆಳೆಯರು ನೀನಾಸಮ್ ಸಂಸ್ಥೆಯ ಆಶ್ರಯದಲ್ಲಿ ೧೯೭೩ರಲ್ಲಿ ಚಿತ್ರಸಮಾಜವನ್ನು ಆರಂಭಿಸಿದರು. ಅಡಿಕೆ ತೋಟಗಳ ನಡುವಣ ಆ ಸಣ್ಣ ಊರಿನಲ್ಲಿ ದೇಶವಿದೇಶಗಳ ಶ್ರೇಷ್ಠ ಚಿತ್ರಗಳ ಪ್ರದರ್ಶನ ನಡೆಯಿತು. ಚಿತ್ರ ರಸಗ್ರಹಣದ ಶಿಬಿರಗಳು ನಡೆದುವು. ಒಳ್ಳೆಯ ಚಿತ್ರವನ್ನು ನೋಡಲು ನಗರಕ್ಕೇ ಹೋಗಬೇಕೆಂಬ ನಂಬಿಕೆಯನ್ನು ಹೆಗ್ಗೋಡು ಮುರಿಯಿತು. ನೋಡುವವನು ತನ್ನ ಊರಿನಲ್ಲಿಯೇ ಸಿದ್ಧನಾಗದಿದ್ದರೆ ಮಾಡುವವನು ಅಲ್ಲಿ ಹುಟ್ಟಲಾರನೆಂಬ ತತ್ತ್ವ ಇದರಲ್ಲಿ ಅಡಗಿದೆ.

ಕೇರಳದಲ್ಲಿ ಜಾನ್ ಅಬ್ರಹಾಂ ಅವರು ೧೯೮೦ರ ದಶಕದಲ್ಲಿ ಕೋಳಿಕ್ಕೋಡಿನ ಗೆಳೆಯರೊಡನೆ ‘ಒಡೆಸ್ಸಾ’ ಎಂಬ ಸಂಘವನ್ನು ಕಟ್ಟಿದರು. ಊರೂರು ತಿರುಗಿ, ಚಿತ್ರ ತೋರಿಸಿ, ಜನರಿಂದ ಚಿಲ್ಲರೆ ಕಾಸು ಕೂಡಿಸಿ, ಆ ಹಣದಿಂದ ೧೯೮೬ರಲ್ಲಿ ‘ಅಮ್ಮ ಅರಿಯಾನ್’ ಚಿತ್ರವನ್ನು ತಯಾರಿಸಿದರು. ನಿರ್ಮಾಪಕನ ಸ್ಥಾನದಲ್ಲಿ ಒಬ್ಬ ಧನಿಕನಿಲ್ಲ, ಹೆಸರಿಲ್ಲದ ಸಾವಿರಾರು ಮಂದಿ ಇದ್ದಾರೆ. ಜಾತ್ರೆಯ ವಂತಿಗೆಯ ಲೆಕ್ಕವೇ ಇಲ್ಲಿ ಚಿತ್ರದ ಲೆಕ್ಕವೂ ಆಯಿತು.

ಮೂರನೆಯದು ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಮಾಲೆಗಾಂವ್. ವಿದ್ಯುತ್ ಮಗ್ಗಗಳ ಈ ಊರಿನಲ್ಲಿ ವಿಡಿಯೋ ಮನೆಯೊಂದನ್ನು ನಡೆಸುತ್ತಿದ್ದ ನಾಸಿರ್ ಶೇಖ್ ಅವರು, ಪ್ರಸಿದ್ಧ ಹಿಂದಿ ಚಿತ್ರಗಳನ್ನು ತಮ್ಮ ಊರಿನ ಮಾತಿನಲ್ಲಿ, ತಮ್ಮ ಊರಿನ ಮಂದಿಯಿಂದ, ನಗೆಯಾಟವಾಗಿ ಮತ್ತೆ ಮಾಡಿ ತೋರಿಸಿದರು. ‘ಮಾಲೆಗಾಂವ್ ಕೇ ಶೋಲೇ’ ಅವುಗಳಲ್ಲಿ ಹೆಸರಾದುದು. ಮದುವೆಗಳನ್ನು ಚಿತ್ರಿಸುವಂಥ ಸಾಮಾನ್ಯ ವಿಡಿಯೋ ಕ್ಯಾಮೆರಾವೇ ಸಾಧನ. ಕ್ಯಾಮೆರಾ ಚಲಿಸಬೇಕಾದರೆ ಸೈಕಲ್ಲು, ಮೇಲೇರಬೇಕಾದರೆ ಎತ್ತಿನ ಗಾಡಿ. ಫೈಜಾ ಅಹ್ಮದ್ ಖಾನ್ ಅವರ ೨೦೦೮ರ ಸಾಕ್ಷ್ಯಚಿತ್ರದಿಂದ ಈ ಊರಿನ ಸಾಹಸ ಹೊರಜಗತ್ತಿಗೆ ತಿಳಿಯಿತು. ೨೦೨೪ರಲ್ಲಿ ಅದೇ ಕಥೆಯನ್ನು ಆಧರಿಸಿ ಮುಂಬಯಿಯವರೇ ಒಂದು ಚಿತ್ರವನ್ನು ಮಾಡಿದರು. ಭೋಲಾಗುರಿಗೆ ಪ್ರೇಕ್ಷಕರು ದೊರೆಯಲಿಲ್ಲ. ಮಾಲೆಗಾಂವಿಗೆ ಪ್ರೇಕ್ಷಕರೇ ಆಧಾರ. ತಮ್ಮ ಬೀದಿಯನ್ನೂ ನೆರೆಮನೆಯವನನ್ನೂ ತೆರೆಯ ಮೇಲೆ ಕಾಣುವ ಸಂತೋಷಕ್ಕೆ ಜನ ಹಣ ಕೊಟ್ಟರು. ಇದನ್ನು ಅನುಕರಣವೆಂದು ತಳ್ಳಿಹಾಕುವ ವಿದ್ವಾಂಸರು, ಪುರಾಣದ ಕಥೆಯನ್ನು ತಮ್ಮೂರಿನ ಮಾತಿಗೆ ಇಳಿಸಿ ಕುಣಿದ ನಮ್ಮ ಬಯಲಾಟದವರನ್ನೊಮ್ಮೆ ನೆನೆಯಬೇಕು.

೫

ಅಸ್ಸಾಮಿಗೆ ಮರಳೋಣ. ಭೋಲಾಗುರಿಯ ಪ್ರಯತ್ನವಾಗಿ ಎಂಬತ್ತು ವರ್ಷಗಳ ಮೇಲೆ, ಕಾಮರೂಪ ಜಿಲ್ಲೆಯ ಛಯ್‌ಗಾಂವ್ ಸೀಮೆಯ ಕಲಾರ್ದಿಯಾ ಗ್ರಾಮದಲ್ಲಿ ರೀಮಾ ದಾಸ್ ಅವರು ‘ವಿಲೇಜ್ ರಾಕ್‌ಸ್ಟಾರ್ಸ್’ ಚಿತ್ರವನ್ನು ಪೂರ್ಣಗೊಳಿಸಿದರು. ಅದು ಅವರು ಹುಟ್ಟಿದ ಊರು. ನಟಿಯಾಗಬೇಕೆಂದು ಮುಂಬಯಿಗೆ ಹೋಗಿದ್ದ ಅವರು, ಯಾವ ಚಿತ್ರಶಾಲೆಯಲ್ಲಿಯೂ ಶಿಕ್ಷಣ ಪಡೆಯದೆ, ನೋಡಿ ಮಾಡಿ ಕಲಿತವರು. ತಮ್ಮ ಮೊದಲ ಚಿತ್ರಕ್ಕಾಗಿ ಊರಿಗೆ ಬಂದಿದ್ದಾಗ, ಹುಡುಗರು ಬೆಂಡಿನಂಥ ಥರ್ಮೊಕೋಲಿನಿಂದ ವಾದ್ಯಗಳನ್ನು ಮಾಡಿಕೊಂಡು ಬಾರಿಸುವಂತೆ ನಟಿಸುತ್ತಿದ್ದುದನ್ನು ಕಂಡರು. ಎರಡನೆಯ ಚಿತ್ರದ ಬೀಜ ಅಲ್ಲಿ ಬಿದ್ದಿತು. ಗಿಟಾರೊಂದನ್ನು ಕೊಳ್ಳಬೇಕೆಂದು ಕನಸು ಕಾಣುವ ಧುನು ಎಂಬ ಹುಡುಗಿ, ಒಂಟಿಯಾಗಿ ಸಂಸಾರ ಸಾಗಿಸುವ ಆಕೆಯ ತಾಯಿ, ವರ್ಷ ವರ್ಷವೂ ಪೈರನ್ನು ನುಂಗುವ ನೆರೆ, ಇಷ್ಟೇ ಕಥೆ.

ಕಥೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ, ನಿರ್ಮಾಣ ಎಲ್ಲವೂ ರೀಮಾ ದಾಸ್ ಅವರದೇ. ಧುನುವಿನ ಪಾತ್ರ ವಹಿಸಿದ ಭನಿತಾ ದಾಸ್ ಅವರ ಬಂಧು. ಸ್ಥಳದಲ್ಲಿ ಧ್ವನಿಲೇಖನ ಮಾಡಿದ ಮಲ್ಲಿಕಾ ದಾಸ್ ಸಹ ಮನೆಯವರೇ. ಚಿತ್ರೀಕರಣ ಮೂರು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ೨೦೧೭ರಲ್ಲಿ ಟೊರಾಂಟೊ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡ ಈ ಚಿತ್ರಕ್ಕೆ ೨೦೧೮ರಲ್ಲಿ ಪ್ರಕಟವಾದ ೬೫ನೆಯ ರಾಷ್ಟ್ರಪ್ರಶಸ್ತಿಗಳಲ್ಲಿ ಶ್ರೇಷ್ಠ ಕಥಾಚಿತ್ರ, ಸಂಕಲನ, ಬಾಲನಟಿ, ಸ್ಥಳಧ್ವನಿಲೇಖನ ಎಂಬ ನಾಲ್ಕು ಮನ್ನಣೆಗಳು ದೊರೆತುವು. ಆಸ್ಕರ್ ಸ್ಪರ್ಧೆಗೆ ಭಾರತದ ಪರವಾಗಿ ಹೋದ ಚಿತ್ರವೂ ಅದೇ ವರ್ಷ ಇದೇ ಆಯಿತು.

ಇಲ್ಲಿ ಯಂತ್ರದ ಪಾಲು ಸಣ್ಣದಲ್ಲ. ಕೈಯಲ್ಲಿ ಹಿಡಿಯಬಹುದಾದ ಕ್ಯಾಮೆರಾ ಇಲ್ಲದಿದ್ದರೆ ಒಬ್ಬರೇ ಇಷ್ಟನ್ನು ಮಾಡಲಾಗುತ್ತಿರಲಿಲ್ಲ. ಜ್ಯೋತಿಪ್ರಸಾದರಿಗೆ ಒಂದು ತೋಟವೇ ಬೇಕಾಗಿದ್ದಿತು. ಇವರಿಗೆ ಒಂದು ಚೀಲ ಸಾಕಾಯಿತು. ಆದರೆ ಆ ಕ್ಯಾಮೆರಾವನ್ನೇ ಹಿಡಿದು ನಗರದ ತಂಡವೊಂದು ಅಲ್ಲಿಗೆ ಬಂದಿದ್ದರೆ ಈ ಚಿತ್ರ ಆಗುತ್ತಿದ್ದಿತೆ? ವಸತಿಯ ವೆಚ್ಚ, ದಿನಗೂಲಿ, ಹಿಂದಿರುಗುವ ಆತುರ ಇವು ತಂಡವನ್ನು ನಾಲ್ಕು ವಾರಗಳಲ್ಲಿ ಊರಿಂದ ಹೊರಡಿಸುತ್ತಿದ್ದುವು. ನೆರೆ ಬರುವವರೆಗೆ ಕಾಯುವುದು, ನೆರೆ ಇಳಿಯುವವರೆಗೆ ಇರುವುದು, ಮಗು ಬೆಳೆದಂತೆ ಚಿತ್ರವೂ ಬೆಳೆಯಲು ಬಿಡುವುದು, ಇದು ಮನೆಯವರಿಗೆ ಮಾತ್ರ ಸಾಧ್ಯ. ಸ್ಟುಡಿಯೋದಲ್ಲಿ ಕಾಲವೆಂಬುದು ವೆಚ್ಚ. ಸ್ವಂತ ಊರಿನಲ್ಲಿ ಅದೇ ಬಂಡವಾಳ. ಸ್ವಸ್ಥಳದ ಚಿತ್ರದ ಅರ್ಥಶಾಸ್ತ್ರವನ್ನು ಒಂದು ವಾಕ್ಯದಲ್ಲಿ ಹೇಳಬೇಕಾದರೆ ಇದನ್ನೇ ಹೇಳಬೇಕೆಂದು ನಮ್ಮ ಅಭಿಪ್ರಾಯ.

೬

ಕನ್ನಡದ ನಿದರ್ಶನವಾಗಿ ‘ತಿಥಿ’ಯನ್ನು ತೆಗೆದುಕೊಳ್ಳಬಹುದು. ೨೦೧೫ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಮೊದಲು ಪ್ರದರ್ಶಿತವಾಗಿ ಅಲ್ಲಿ ಎರಡು ಪ್ರಶಸ್ತಿಗಳನ್ನು ಪಡೆದ ಈ ಚಿತ್ರ, ಆ ವರ್ಷದ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ನಿರ್ದೇಶಕ ರಾಮ್ ರೆಡ್ಡಿಯವರು ಬೆಂಗಳೂರಿನವರು. ಚಿತ್ರ ನಡೆಯುವ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು, ಕಥೆ ಸಂಭಾಷಣೆಗಳಲ್ಲಿ ಅವರ ಜೊತೆಗಾರರಾದ ಈರೇಗೌಡರ ಊರು. ಹೊರಗಿನವರ ಕಣ್ಣು, ಒಳಗಿನವರ ಕಿವಿ ಎರಡೂ ಕೂಡಿದ ಈ ಜೊತೆಗಾರಿಕೆ ನಮ್ಮ ವಿಂಗಡಣೆಗೆ ಸುಲಭವಾಗಿ ಒಗ್ಗುವುದಿಲ್ಲ. ಆದುದರಿಂದಲೇ ಅದು ವಿಚಾರಯೋಗ್ಯ.

ನೂರೊಂದು ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಯ ವೇಳೆಗೆ ಮಗ, ಮೊಮ್ಮಗ, ಮರಿಮಗ ಈ ಮೂರು ತಲೆಮಾರಿನವರು ಒಬ್ಬೊಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಎಡವುತ್ತಾರೆ. ಆಸ್ತಿಯ ಗೊಡವೆಯಿಲ್ಲದೆ ಅಲೆಯುವ ಮಗ ಗಡ್ಡಪ್ಪ, ಜಮೀನನ್ನು ಮಾರಲು ಹವಣಿಸುವ ಮೊಮ್ಮಗ ತಮ್ಮಣ್ಣ, ಕುರಿಗಾಹಿಗಳ ಹುಡುಗಿಯ ಬೆನ್ನು ಹತ್ತಿದ ಮರಿಮಗ ಅಭಿ, ಇವರನ್ನು ಅಭಿನಯಿಸಿದವರು ವೃತ್ತಿನಟರಲ್ಲ, ಆ ಸೀಮೆಯವರೇ. ಗಡ್ಡಪ್ಪನಾಗಿ ಚನ್ನೇಗೌಡರೂ ಸೆಂಚುರಿ ಗೌಡನಾಗಿ ಸಿಂಗ್ರಿಗೌಡರೂ ನಾಡಿಗೆಲ್ಲ ಪರಿಚಿತರಾದರು.

ಈ ಚಿತ್ರದ ಚಾರಿತ್ರಿಕ ಮಹತ್ತ್ವ ಅದರ ಭಾಷೆಯಲ್ಲಿದೆ. ಮದರಾಸಿನ ಕಾಲದಿಂದ ಬೆಳೆದುಬಂದ ಚಿತ್ರಗನ್ನಡವೊಂದುಂಟು. ಹಳ್ಳಿಯವನು ಹಾಸ್ಯಪಾತ್ರವಾದಾಗ ಮಾತ್ರ ಹಳ್ಳಿಯ ಮಾತಾಡುತ್ತಾನೆ. ಗಂಭೀರನಾದೊಡನೆ ಪುಸ್ತಕದ ಮಾತಿಗೆ ಏರುತ್ತಾನೆ. ‘ತಿಥಿ’ಯಲ್ಲಿ ಮಂಡ್ಯದ ಮಾತು ನಗಿಸುವುದಕ್ಕಾಗಿ ಬಂದುದಲ್ಲ. ಸಾಲ ಕೇಳುವುದು, ಬೈಯುವುದು, ಸತ್ತವರನ್ನು ನೆನೆಯುವುದು, ದಾಯಾದಿಯನ್ನು ವಂಚಿಸುವುದು ಎಲ್ಲವೂ ಆ ಮಾತಿನಲ್ಲಿಯೇ. ವೃತ್ತಿನಟನಿಗೆ ಇದನ್ನು ಕಲಿಸಬಹುದು. ಆದರೆ ಬೀಡಿ ಹಚ್ಚಿ, ಒಂದು ಮಾತಿನ ನಡುವೆ ಎಷ್ಟು ಹೊತ್ತು ಸುಮ್ಮನಿರಬೇಕೆಂಬುದನ್ನು ಕಲಿಸಲಾಗದು. ಅದು ಊರಿನಲ್ಲಿ ಹುಟ್ಟಿ ಬೆಳೆದವರ ಆಸ್ತಿ. ೧೯೩೪ರಲ್ಲಿ ಕೊಲ್ಹಾಪುರದಲ್ಲಿ ಅಗಲಿದ್ದ ಮಾತು ನೆಲಗಳು ಇಲ್ಲಿ ಒಂದಾದುವೆಂದರೆ ಅತಿಶಯೋಕ್ತಿಯಲ್ಲ. ಮುಂದೆ ಈರೇಗೌಡರು ತಾವೇ ನಿರ್ದೇಶಕರಾಗಿ ‘ಬಳೆಕೆಂಪ’ (೨೦೧೮) ಚಿತ್ರವನ್ನು ಮಾಡಿದರು. ಊರು ಕಥೆಯನ್ನು ಕೊಟ್ಟು ಸುಮ್ಮನಾಗಲಿಲ್ಲ, ಚಿತ್ರಕರ್ತನನ್ನೂ ಕೊಟ್ಟಿತೆಂಬುದಕ್ಕೆ ಇದು ಸಾಕ್ಷಿ.

ಮೂರನೆಯ ಭಾಗದಲ್ಲಿ ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಕೇಳಬೇಕು. ಐದೇವು ಅವರಿಗಾದ ಅನ್ಯಾಯ ಇಲ್ಲಿ ಆಗಲಿಲ್ಲ, ಕಾಲ ಬದಲಾಗಿದೆ, ಊರು ತನ್ನ ನಟರನ್ನು ಹೆಮ್ಮೆಯಿಂದ ನೋಡಿತು. ಆದರೆ ಆ ವೃದ್ಧರನ್ನೇ ಮುಂದಿಟ್ಟುಕೊಂಡು ತರುವಾಯ ಬೇರೆ ಬೇರೆ ಚಿತ್ರಗಳು ಬಂದುವು. ‘ತಿಥಿ’ಯಲ್ಲಿ ಅವರು ಮನುಷ್ಯರಾಗಿದ್ದರು; ಆಮೇಲಿನ ಕೆಲವು ಚಿತ್ರಗಳಲ್ಲಿ ಗಡ್ಡವೂ ಬೈಗುಳವೂ ಮಾತ್ರ ಉಳಿದುವು. ಬಹಿಷ್ಕಾರದಂತೆ ಕೀರ್ತಿಯೂ ಒಂದು ಹೊರೆಯಾಗಬಲ್ಲುದು. ಊರಿನವರನ್ನು ತೆರೆಗೆ ತಂದವರ ಹೊಣೆ ಎಲ್ಲಿಗೆ ಮುಗಿಯುತ್ತದೆಂಬುದು ಇನ್ನೂ ಇತ್ಯರ್ಥವಾಗದ ಪ್ರಶ್ನೆ.

೭

ಮೇಲ್ಕಂಡ ನಿದರ್ಶನಗಳಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಯಂತ್ರ ಅಗ್ಗವಾದುದು ಸ್ವಸ್ಥಳದ ಚಿತ್ರಕ್ಕೆ ನೆರವಾಯಿತೇ ಹೊರತು ಅದರ ಮೂಲಕಾರಣವಲ್ಲ. ೧೯೩೫ರ ಭೋಲಾಗುರಿಯೇ ಇದಕ್ಕೆ ಪ್ರಮಾಣ. ಅಂಥ ಚಿತ್ರದ ನಿಜವಾದ ಬಂಡವಾಳ ಊರಿನವರ ವಿಶ್ವಾಸ ಮತ್ತು ಊರಿನಲ್ಲಿ ಉಳಿಯಬಲ್ಲವನ ಬಿಡುವು. ಆ ವಿಶ್ವಾಸ ಸಾಲವೇ ಹೊರತು ದಾನವಲ್ಲ. ಅದನ್ನು ತೀರಿಸದಿದ್ದರೆ ತೆರುವವರು ಚಿತ್ರಕರ್ತರಲ್ಲ, ಕ್ಯಾಮೆರಾದ ಮುಂದೆ ನಿಂತವರು. ಕೊನೆಯದಾಗಿ, ಪ್ರಶಸ್ತಿ ಲೊಕಾರ್ನೊದಿಂದ ಬಂದರೂ ಟೊರಾಂಟೊದಿಂದ ಬಂದರೂ, ಚಿತ್ರ ಊರಿಗೆ ಹಿಂದಿರುಗಿ ಊರಿನವರ ಕಣ್ಣಿಗೆ ಬಿದ್ದಾಗಲೇ ಅದರ ಪ್ರಯಾಣ ಮುಗಿಯುವುದು.

ಇನ್ನೊಂದು ವಿಷಯ ಉಳಿದಿದೆ. ‘ಜೊಯ್‌ಮತಿ’ ಇಂದು ಪೂರ್ಣರೂಪದಲ್ಲಿ ಇಲ್ಲ. ಬಹುಕಾಲ ಕಳೆದೇಹೋಯಿತೆಂದು ತಿಳಿದಿದ್ದ ಚಿತ್ರದ ಕೆಲವು ಸುರುಳಿಗಳು ೧೯೭೦ರ ದಶಕದಲ್ಲಿ ಜ್ಯೋತಿಪ್ರಸಾದರ ತಮ್ಮ ಹೃದಯಾನಂದ ಅಗರ್‌ವಾಲಾ ಅವರಿಗೆ ಮನೆಯಲ್ಲಿ ದೊರೆತುವು. ಭೂಪೇನ್ ಹಜಾರಿಕಾ ಅವರು ಅವನ್ನು ತಮ್ಮ ಸಾಕ್ಷ್ಯಚಿತ್ರದಲ್ಲಿ ಸೇರಿಸಿ ಉಳಿಸಿದರು. ಅಲ್ತಾಫ್ ಮಜೀದ್ ಅವರು ಮುಂದೆ ಅವನ್ನು ಸಂಸ್ಕರಿಸಿದರು. ಒಂದು ಭಾಷೆಯ ಮೊದಲ ಚಿತ್ರ ಉಳಿದದ್ದು ಗ್ರಂಥಾಲಯದಿಂದಲ್ಲ, ವಿಶ್ವವಿದ್ಯಾನಿಲಯದಿಂದಲ್ಲ; ಮನೆಯವರು ಹಳೆಯ ಸಾಮಾನನ್ನು ಎಸೆಯದೆ ಇಟ್ಟಿದ್ದುದರಿಂದ. ನಮ್ಮ ‘ಸತಿ ಸುಲೋಚನ’ಕ್ಕೆ ಆ ಭಾಗ್ಯವೂ ಇಲ್ಲ, ಅದರ ಪ್ರತಿ ಉಳಿದಿಲ್ಲ.

ಇಂದು ಕರ್ಣಾಟಕದ ಅನೇಕ ಊರುಗಳಲ್ಲಿ ತರುಣರು ಕೈಯಲ್ಲಿರುವ ಫೋನಿನಿಂದಲೇ ಚಿತ್ರಗಳನ್ನು ಮಾಡುತ್ತಿದ್ದಾರೆ. ಅವರಲ್ಲಿ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳೂ ಇದ್ದಾರೆ. ಫಿಲ್ಮಿನ ಸುರುಳಿ ಪೆಟ್ಟಿಗೆಯಲ್ಲಿ ನಲವತ್ತು ವರ್ಷ ಮಲಗಿದ್ದು ಎದ್ದೀತು. ಇಂದಿನ ಚಿತ್ರಗಳು ಯಂತ್ರ ಕೆಟ್ಟ ದಿನವೇ ಅಳಿಯುತ್ತವೆ. ಶಾಸನದ ಕಲ್ಲನ್ನು ಹುಡುಕಿಕೊಂಡು ಊರೂರು ತಿರುಗುವ ಪದ್ಧತಿಯನ್ನು ನಮ್ಮ ಹಿರಿಯರು ಹಾಕಿಕೊಟ್ಟಿದ್ದಾರೆ. ಆ ಪದ್ಧತಿಯನ್ನೇ ಈ ಚಿತ್ರಗಳಿಗೂ ಅನ್ವಯಿಸುವುದು ಕಷ್ಟವಲ್ಲ. ಪ್ರತಿಯೊಂದು ಕಾಲೇಜೂ ತನ್ನ ಸುತ್ತಣ ಊರುಗಳಲ್ಲಿ ತಯಾರಾದ ಚಿತ್ರಗಳ ಪ್ರತಿಯನ್ನು ಕೂಡಿಸಿಡಬೇಕು. ಮಾಡಿದವರ ಹೆಸರಿನೊಡನೆ ಮುಂದೆ ನಿಂತು ಅಭಿನಯಿಸಿದವರ ಹೆಸರನ್ನೂ, ಅವರ ಬಾಯಿಂದಲೇ ಕೇಳಿದ ಅನುಭವವನ್ನೂ ಬರೆದಿಡಬೇಕು. ಐದೇವು ಹ್ಯಾಂಡಿಕ್ ಅವರ ಮಾತನ್ನು ಕೇಳುವುದಕ್ಕೆ ಅಸ್ಸಾಮಿನ ವಿದ್ವಾಂಸರು ಅರ್ಧ ಶತಮಾನ ತಡಮಾಡಿದರು. ನಾವು ಅಷ್ಟು ತಡಮಾಡಲು ಕಾರಣವಿಲ್ಲ.